ಹದಿನೈದು ಜಿಬಿಯ ಅಳತೆ

ನಮ್ಮ ಅಂಗಡಿಯ ಗೋಡೆಗೆ ಒಂದು ಬೋರ್ಡು ನೇತುಹಾಕಿದೆ. ‘ಅಳತೆ ತಪ್ಪಿದರೆ ಬಟ್ಟೆ ನಮ್ಮದು’ ಎಂದು ಅದರಲ್ಲಿ ಬರೆದಿದೆ. ಬರೆಸಿದವರು ನಮ್ಮ ಮಾವ, ಅದನ್ನು ತಲೆಗೇರಿಸಿಕೊಂಡವರು ನಮ್ಮ ಯಜಮಾನರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹೊಲಿದ ಒಂದೇ ಒಂದು ಕೋಟೂ ಬಿಗಿಯಾಯಿತೆಂದು ವಾಪಸ್ ಬಂದಿಲ್ಲ. ಇದು ನಿಜ, ಜಗಳವಾಡಿದ ದಿನವೂ ನಾನು ಇದನ್ನು ಒಪ್ಪುತ್ತೇನೆ. ಆದರೆ ಟೇಪು ಹಿಡಿದೂ ಹಿಡಿದೂ ಆ ಮನುಷ್ಯನಿಗೆ ಲೋಕದಲ್ಲಿರುವುದೆಲ್ಲ ಸೊಂಟ, ತೋಳು, ಎದೆ ಎಂದೇ ಕಾಣಿಸತೊಡಗಿತ್ತು. ಹೊಸ ಬಕೆಟ್ ತರಲು ಹೋದರೂ ಸುತ್ತಳತೆ ನೋಡದೆ ತರುತ್ತಿರಲಿಲ್ಲ.

ಅವರ ಅಳತೆಯಲ್ಲಿ ಒಂದು ಗುಟ್ಟಿದೆ. ಟೇಪು ಸೊಂಟಕ್ಕೆ ಬಂದ ಕೂಡಲೇ ಎಂಥ ಗಿರಾಕಿಯೂ ಉಸಿರು ಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾನೆ. ಆಗ ಬರೆದುಕೊಂಡ ಅಳತೆಯ ಪ್ಯಾಂಟು ಮಧ್ಯಾಹ್ನದ ಊಟದವರೆಗೆ ಮಾತ್ರ ಸರಿಯಾಗಿರುತ್ತದೆ. ಅದಕ್ಕೆ ನಮ್ಮವರು ಟೇಪು ಸುತ್ತಿ, "ಮಗಳು ಏನು ಓದ್ತಿದಾಳೆ?" ಎಂದು ಸುಮ್ಮನೆ ಕೇಳುತ್ತಾರೆ. ಗಿರಾಕಿ ಬಾಯಿ ಬಿಡುತ್ತಾನೆ, ಅದರ ಜೊತೆಗೆ ಉಸಿರು ಬಿಡುತ್ತಾನೆ, ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಆಗ ನೋಡಿ ಬರೆದುಕೊಳ್ಳುತ್ತಾರೆ. ಇದನ್ನು ಕಲಿಸಿದವರೂ ಮಾವನೇ. ಇಷ್ಟು ತಿಳಿದವರು ಸ್ವಂತ ಮನೆಯವರ ಮುಂದೆ ಹೇಗೆ ಮುಗ್ಗರಿಸಿದರು ಎಂಬುದನ್ನೇ ನಾನು ಹೇಳಹೊರಟಿದ್ದೇನೆ.

ಮನೆಯಲ್ಲಿ ನಾವು ನಾಲ್ಕು ಜನ. ಕೆಳಗೆ ಅಂಗಡಿ, ಮೇಲೆ ಮನೆ. ಮಾವನಿಗೆ ಎಪ್ಪತ್ತೆಂಟು, ಹತ್ತು ವರ್ಷದ ಹಿಂದೆ ಕತ್ತರಿ ಕೆಳಗಿಟ್ಟರು, ನಾಲಿಗೆ ಮಾತ್ರ ಇನ್ನೂ ಇಟ್ಟಿಲ್ಲ. ಯಜಮಾನರು ಅಳತೆ ತೆಗೆದು ಕತ್ತರಿಸುತ್ತಾರೆ, ಹೊಲಿಯುತ್ತಾರೆ. ಇಸ್ತ್ರಿಯೂ ಗಿರಾಕಿಗಳ ಕೂಗಾಟವೂ ನನ್ನ ಪಾಲು. ನಾಲ್ಕನೆಯವರು ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಹಾಕುವುದು ಅವರ ಕೆಲಸ. ಅವರಿಗೆ ನಲವತ್ತೇಳು. ಮದುವೆಯಾಗಿಲ್ಲ. ಮೊದಲು ತಾಯಿಯ ಕಾಯಿಲೆ, ಆಮೇಲೆ ತಮ್ಮನ ಮದುವೆ, ಆಮೇಲೆ ಸೀಸನ್ನಿನ ಕೆಲಸ ಎಂದು ಎಲ್ಲರೂ ಸೇರಿ ಅವರ ಮದುವೆಯನ್ನು ಮರೆತುಬಿಟ್ಟರು. ಕೆಲಸ ಮಾಡುವಾಗ ತುಟಿಯ ನಡುವೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುತ್ತಾರೆ, ಹಾಗಾಗಿ ಮಾತು ಕಡಿಮೆ. ಸೂಜಿ ತೆಗೆದು ಮಾತಾಡಿದರೆ ಸೂಜಿಯೇ ವಾಸಿ ಅನ್ನಿಸುತ್ತದೆ.

ನಾಲ್ಕು ಜನಕ್ಕೆ ನಾಲ್ಕು ಫೋನು, ನಾಲ್ಕು ರೀಚಾರ್ಜು, ನಾಲ್ಕು ಬೇರೆ ಬೇರೆ ತಾರೀಕು. ಒಬ್ಬರ ಇಂಟರ್ನೆಟ್ ಮುಗಿದರೆ ಇನ್ನೊಬ್ಬರ ಹತ್ತಿರ ಹೋಗಿ "ಚೂರು ಹಾಟ್‌ಸ್ಪಾಟ್ ಹಾಕಿ" ಎಂದು ಕೈಯೊಡ್ಡಬೇಕು. ಒಂದು ದಿನ ಮಾವ ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು, ಒಳಗೆ ನಾನು ಸೋಪು ಹಚ್ಚಿಕೊಳ್ಳುತ್ತಿರುವಾಗ ಪಾಸ್‌ವರ್ಡ್ ಕೇಳಿದರು. ಅವತ್ತೇ ನಾನು ಯಜಮಾನರಿಗೆ ಹೇಳಿದೆ, ನಾಲ್ವರಿಗೂ ಸೇರಿಸಿ ತಿಂಗಳ ಕರಾರಿನದೊಂದು ಪ್ಲ್ಯಾನ್ ತಗೊಳ್ಳಿ, ಇಲ್ಲದಿದ್ದರೆ ನಾನು ಫೋನನ್ನು ಇಸ್ತ್ರಿ ಮಾಡಿಬಿಡುತ್ತೇನೆ ಎಂದು.

ಫೋನಂಗಡಿ ನಮ್ಮಿಂದ ಎರಡು ಬೀದಿಯಾಚೆ. ಗಾಜಿನ ಬಾಗಿಲು, ಬಿಳಿ ದೀಪ, ತಂಪು ಗಾಳಿ; ಒಳಗೆ ಹೋದರೆ ಆಪರೇಷನ್ನಿಗೆ ಬಂದ ಹಾಗಾಗುತ್ತದೆ. ಕೌಂಟರಿನ ಹುಡುಗಿ ನಗುತ್ತ ಒಂದು ಹಾಳೆ ಮುಂದಿಟ್ಟಳು.

"ಫ್ಯಾಮಿಲಿ ಪ್ಲ್ಯಾನು ಮೂರು ಸೈಜಲ್ಲಿದೆ ಸರ್. ಸ್ಮಾಲು, ಮೀಡಿಯಮ್ಮು, ಲಾರ್ಜು."

ನಾನು ಕಣ್ಣು ಮುಚ್ಚಿಕೊಂಡೆ. ಸೈಜು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಪಕ್ಕದ ಬೀದಿಯಲ್ಲಿ ಮೂರು ಮಹಡಿಯ ರೆಡಿಮೇಡ್ ಅಂಗಡಿ ತೆರೆದಾಗಿನಿಂದ ಅದು ಬೈಗುಳದ ಸಾಲಿಗೆ ಸೇರಿದೆ.

"ನೋಡಮ್ಮಾ," ಎಂದರು ನಮ್ಮವರು ಬಹಳ ಸಮಾಧಾನದಿಂದ, "ದೇವರು ಮನುಷ್ಯರನ್ನ ಮೂರೇ ಸೈಜಲ್ಲಿ ಮಾಡಿದಾನಾ?"

"ಅದು ಗೊತ್ತಿಲ್ಲ ಸರ್. ಕಂಪನಿಯವರು ಮೂರೇ ಮಾಡಿರೋದು. ಸ್ಮಾಲಲ್ಲಿ ತಿಂಗಳಿಗೆ ಹದಿನೈದು ಜಿಬಿ, ನಾಲ್ಕು ಸಿಮ್ಮಿಗೂ ಸೇರಿ. ಮೀಡಿಯಮ್ಮಲ್ಲಿ ನಲವತ್ತು. ಲಾರ್ಜಿಗೆ ಲಿಮಿಟ್ಟೇ ಇಲ್ಲ. ನಾಲ್ಕು ಜನ ಅಂದ್ರೆ ಸಾಮಾನ್ಯವಾಗಿ ಎಲ್ರೂ ಲಾರ್ಜೇ ತಗೋತಾರೆ."

"ಎಲ್ರೂ ತಗೋತಾರೆ ಅಂತ ದೊಗಳೆ ಅಂಗಿ ಹಾಕ್ಕೊಳೋಕಾಗತ್ತಾ? ಅಳತೆ ಬೇಡ್ವಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಜಾಹೀರಾತು ನೋಡಿದೆ. ಉಳಿದ ಷರತ್ತುಗಳನ್ನು ಅವಳು ಪಾಪ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕರಾರು ಒಂದು ವರ್ಷದ್ದು. ನಡುವೆ ಸೈಜು ಏರಿಸಬಹುದು, ಇಳಿಸುವಂತಿಲ್ಲ. ಡೇಟಾ ಮುಗಿದರೆ ಫೋನ್ ಕರೆ, ಮೆಸೇಜು ನಡೆಯುತ್ತವೆ, ವಿಡಿಯೊ ಗಿಡಿಯೊ ನಡೆಯುವುದಿಲ್ಲ. ಏರಿಸಬೇಕೆಂದರೆ ಆ್ಯಪಿನಲ್ಲಿ ಏರಿಸಬಹುದು, ಆದರೆ ಆ್ಯಪು ತೆರೆಯಲು ಇಂಟರ್ನೆಟ್ ಬೇಕು. ಅದಿಲ್ಲದಿದ್ದರೆ ಸಹಿ ಹಾಕಿದವರೇ ಅಂಗಡಿಗೆ ಬರಬೇಕು.

"ಒಂದು ವಾರ ಟೈಮ್ ಕೊಡು. ಅಳತೆ ತಗೊಂಡು ಬರ್ತೀನಿ," ಎಂದು ನಮ್ಮವರು ಎದ್ದರು.

ಅಂಗಡಿಯಲ್ಲಿ ಅವರದೊಂದು ಅಳತೆ ಪುಸ್ತಕವಿದೆ. ಗಿರಾಕಿಗೊಂದು ಪುಟ, ಎದೆ ಇಷ್ಟು, ಸೊಂಟ ಇಷ್ಟು, ಎಡಭುಜ ಅರ್ಧ ಇಂಚು ಕೆಳಗೆ ಎಂದು ಬರೆದಿರುತ್ತದೆ. ಅವತ್ತು ಸಂಜೆ ಅದರಲ್ಲಿ ನಮಗೂ ಪುಟಗಳು ಬಂದವು. ಅಪ್ಪ, ಅಕ್ಕ, ಹೆಂಡತಿ, ನಾನು. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಫೋನುಗಳನ್ನು ಇಸಿದುಕೊಂಡು, ಡೇಟಾ ಲೆಕ್ಕವನ್ನು ಸೊನ್ನೆಗೆ ತಂದರು.

"ಸೋಮವಾರದಿಂದ ಭಾನುವಾರದವರೆಗೆ ದಿನಾ ರಾತ್ರಿ ಊಟಕ್ಕೆ ಮುಂಚೆ ನೋಡ್ತೀನಿ. ಯಾರೂ ಏನೂ ಬದಲಾಯಿಸ್ಕೋಬೇಡಿ. ಮಾಮೂಲಿ ಹೇಗೆ ಬಳಸ್ತೀರೋ ಹಾಗೇ ಬಳಸಿ."

ಊಟದ ತಟ್ಟೆಯ ಮುಂದೆ, ಎಲ್ಲರೆದುರು, ನಿನ್ನ ಫೋನಿನಲ್ಲಿ ಇವತ್ತು ಎಷ್ಟು ಎಂದು ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತೇನೆ ಅನ್ನುವ ಮನುಷ್ಯ, ಮಾಮೂಲಿಯಾಗಿ ಇರಿ ಎಂದರೆ ಯಾರಿರುತ್ತಾರೆ?

ಮಾವನಿಗೆ ರೈಲಿನ ಚಟ. ರೈಲಿನ ಎಂಜಿನ್ನಿನ ಮುಂದೆ ಕ್ಯಾಮೆರಾ ಕಟ್ಟಿ ಹಳಿ, ಸುರಂಗ, ಸೇತುವೆ ತೋರಿಸುವ ವಿಡಿಯೊಗಳಿವೆಯಲ್ಲ, ಅವನ್ನು ದಿನಕ್ಕೆ ನಾಲ್ಕು ಗಂಟೆ ನೋಡುತ್ತಾರೆ. ಅಳತೆಯ ವಾರ ಅವರು ಒಂದು ರೈಲೂ ಹತ್ತಲಿಲ್ಲ. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಬೀದಿಯಲ್ಲಿ ಹೋಗುವ ಬಸ್ಸು ಎಣಿಸಿದರು. ಮೊದಲ ದಿನ ಅವರ ಲೆಕ್ಕ ಓದಿದಾಗ ಮಗನ ಕಣ್ಣಲ್ಲಿ ಮೂಡಿದ ಮೆಚ್ಚುಗೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ನನ್ನದೂ ಒಂದಿತ್ತು. ಹೇಳಿಕೊಳ್ಳಲು ಈಗಲೂ ನಾಚಿಕೆ. ನಾನು ರೆಡಿಮೇಡ್ ಬಟ್ಟೆಯ ವಿಡಿಯೊ ನೋಡುತ್ತಿದ್ದೆ. ಯಾರೋ ಒಬ್ಬಳು ಪೆಟ್ಟಿಗೆ ಬಿಚ್ಚಿ, ಒಂದೊಂದೇ ಉಡುಪು ತೊಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾಳೆ. ದರ್ಜಿಯ ಹೆಂಡತಿ ಅದನ್ನು ಹೊದಿಕೆಯೊಳಗೆ ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡುತ್ತಾಳೆ. ಬೇರೆ ಹೆಂಗಸರು ಬೇರೆ ಗುಟ್ಟು ಇಟ್ಟುಕೊಂಡಿರುತ್ತಾರೆ, ನನ್ನದು ಇದು. ಆ ವಾರ ಮನಸ್ಸು ಗಟ್ಟಿ ಮಾಡಿಕೊಂಡು ಒಂದೂ ನೋಡಲಿಲ್ಲ.

ಇನ್ನು ಅತ್ತಿಗೆ. ಅವರದು ಗುಂಡಿಯವರ ವಿಡಿಯೊ ಕಾಲು.

ಗುಂಡಿಯವರು ಅಂದರೆ ನಮಗೆ ಗುಂಡಿ ತಂದುಕೊಡುವ ವ್ಯಾಪಾರಿ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಆದರೆ ನಾನು ಕಂಡವರಲ್ಲೆಲ್ಲ ಅವರಷ್ಟು ಮಾತುಗಾರರು ಬೇರೆಯಿಲ್ಲ. ಎಲ್ಲವೂ ಕೈಯಲ್ಲಿ. ನಮ್ಮ ಯಜಮಾನರು ಟೇಪು ಕೊಡವುವುದನ್ನು ಅವರು ಮಾಡಿ ತೋರಿಸಿದರೆ ಯಜಮಾನರಿಗೇ ನಗು ಬರುತ್ತದೆ. ತಿಂಗಳಿಗೊಮ್ಮೆ ಗುಂಡಿಯ ತಟ್ಟೆಗಳನ್ನು ಹೊತ್ತು ಬರುತ್ತಿದ್ದರು. ಅತ್ತಿಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವರು. ಬೇಡವೆಂದರೆ ಮೂಗು ಮುರಿಯುವರು. ಒಪ್ಪಿಗೆಯಾದರೆ ಗಾಳಿಯಲ್ಲೇ ಸೂಜಿ ಹಿಡಿದು, ಇಲ್ಲದ ಗುಂಡಿಯನ್ನು ಎದೆಯ ಮೇಲೆ ಹೊಲಿದು, ಇಲ್ಲದ ದಾರವನ್ನು ಹಲ್ಲಿನಿಂದ ಕಡಿಯುವರು. ಅಂದರೆ, ಇದು ಆಯಿತು, ಇಟ್ಟು ಹೋಗಿ ಎಂದು ಅರ್ಥ. ಇಪ್ಪತ್ತು ವರ್ಷದಲ್ಲಿ ಈ ಇಬ್ಬರ ನಡುವೆ ಬೆಳೆದ ಕೈಭಾಷೆಯನ್ನು ಪಕ್ಕದಲ್ಲಿ ಇಸ್ತ್ರಿ ಮಾಡುತ್ತ ಮಾಡುತ್ತ ನಾನೂ ಅರ್ಧ ಕಲಿತಿದ್ದೆ. ಎರಡು ವರ್ಷದಿಂದ ಗುಂಡಿಯವರಿಗೆ ಮಂಡಿನೋವು. ಅವರ ಊರಿಂದ ನಮ್ಮಲ್ಲಿಗೆ ರೈಲಿನಲ್ಲಿ ಎರಡು ಗಂಟೆ, ಹಾಗಾಗಿ ಗುಂಡಿಗಳನ್ನು ವಿಡಿಯೊದಲ್ಲೇ ತೋರಿಸುತ್ತಿದ್ದರು. ವಾರಕ್ಕೆ ಮೂರು ಸಲ, ಸಲಕ್ಕೆ ಒಂದು ಗಂಟೆ. ನಾನು ಏನೂ ಕೇಳಿರಲಿಲ್ಲ. ಒಂದು ಗಂಟೆ ನೋಡಬೇಕಾದಂಥ ಗುಂಡಿ ಯಾವುದೂ ಇಲ್ಲ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಆ ವಾರ ಅತ್ತಿಗೆ ಒಂದು ಕಾಲೂ ಮಾಡಲಿಲ್ಲ. ಊಟದ ಹೊತ್ತಿಗೆ ತಮ್ಮ, "ಅಕ್ಕ, ಇವತ್ತು ಅರ್ಧ ಜಿಬಿ ಹೇಗಾಯ್ತು?" ಎಂದು ಎಲ್ಲರೆದುರು ಕೇಳಿದರೆ ಏನು ಹೇಳುವುದು? ಅತ್ತಿಗೆಯ ಪುಟದಲ್ಲಿ ಏಳು ದಿನವೂ ಸೊನ್ನೆ ಬಿಂದು ಸೊನ್ನೆ ಏನೋ ಒಂದು ಬಿತ್ತು.

ಭಾನುವಾರ ನಮ್ಮವರು ಕೂಡಿಸಿ, ನಾಲ್ಕರಿಂದ ಗುಣಿಸಿದರು. ತಿಂಗಳಿಗೆ ಹನ್ನೆರಡು ಜಿಬಿ ಬಂತು. "ಹದಿನೈದರ ಸ್ಮಾಲೇ ಸಾಕು. ಒಳಗೆ ಮೂರು ಬಿಟ್ಟಿದೀನಿ, ಬೇಕಾದ್ರೆ ಮುಂದೆ ಬಿಚ್ಚಿ ಅಗಲ ಮಾಡ್ಬಹುದು," ಎಂದರು, ಹೊಲಿಗೆಯೊಳಗೆ ಬಟ್ಟೆ ಬಿಟ್ಟವರ ಹಾಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳುತ್ತಾರೆ, ನಾನು ಕಾಲು ಅಳೆದು ಹಾಸಿಗೆ ಹೊಲಿಸಿದ್ದೇನೆ ಎಂದು ಬೀಗಿದರು. ಮರುದಿನ ಹೋಗಿ ಸಹಿ ಹಾಕಿಬಂದರು. ಅಳತೆ ಮುಗಿಯಿತು ಎಂದಾಗ ಮನೆಯಲ್ಲಿ ಮೂರು ಜನ ಒಟ್ಟಿಗೆ ಬಿಟ್ಟ ಉಸಿರು ಅವರಿಗೆ ಕೇಳಿಸಲಿಲ್ಲ.

ಒಂದನೇ ತಾರೀಕಿನಿಂದ ಹೊಸ ಪ್ಲ್ಯಾನು ಶುರು. ಮಾವ ಮತ್ತೆ ರೈಲು ಹತ್ತಿದರು. ನಾನು ಹೊದಿಕೆಯೊಳಗೆ ಸೇರಿದೆ. ಅತ್ತಿಗೆಯ ಕೈಗಳು ಮತ್ತೆ ಗಾಳಿಯಲ್ಲಿ ಆಡತೊಡಗಿದವು.

ಹನ್ನೆರಡನೇ ತಾರೀಕು ಶನಿವಾರ. ಬೆಳಿಗ್ಗೆ ಹನ್ನೊಂದೂವರೆ. ಯಜಮಾನರು ಮುಂದೆ ಬಟ್ಟೆ ಕತ್ತರಿಸುತ್ತಿದ್ದರು, ನಾನೂ ಅತ್ತಿಗೆಯೂ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೆವು. ಅತ್ತಿಗೆ ದಾರದ ಡಬ್ಬಕ್ಕೆ ಫೋನು ಒರಗಿಸಿಕೊಂಡು, ಬಾಯಲ್ಲಿ ಸೂಜಿ ಕಚ್ಚಿಕೊಂಡು ಕೋಟಿಗೆ ಗುಂಡಿ ಹಚ್ಚುತ್ತಿದ್ದರು. ಗುಂಡಿಯವರ ಕೈಯಲ್ಲಿ ಅವತ್ತು ಗುಂಡಿಯೇ ಇರಲಿಲ್ಲ, ತಲೆ ನೀಟಾಗಿ ಬಾಚಿದ್ದರು. ನಾನು ಕಣ್ಣಂಚಿನಲ್ಲಿ ನೋಡಿದೆ.

ನಿಮ್ಮ ಬೀದಿಯ ಕೊನೆಯಲ್ಲಿ ಒಂದು ಜಾಗ ಖಾಲಿಯಿದೆ, ಎಂದು ಅವರ ಕೈ ಹೇಳಿತು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಮನೆಯ ಮಾಲೀಕರಿಗೆ ಇವತ್ತು ಮಧ್ಯಾಹ್ನ ಒಂದು ಗಂಟೆಯೊಳಗೆ ಹೇಳಬೇಕು. ಆಮೇಲೆ ಒಂದು ಬೆರಳು ತೋರಿಸಿದರು, ತಮ್ಮ ಎದೆ ಮುಟ್ಟಿಕೊಂಡರು. ಒಬ್ಬನಿಗೆ ಒಂದು ಕೋಣೆ ಸಾಕು. ಆಮೇಲೆ ಅತ್ತಿಗೆಯತ್ತ ತೋರಿಸಿದರು. ಎರಡು ಬೆರಳು ಎತ್ತಿ, ಮೆಲ್ಲಗೆ ಜೋಡಿಸಿ ಹಿಡಿದರು. ಹುಬ್ಬು ಏರಿಸಿ ಕಾದರು.

ನನ್ನ ಇಸ್ತ್ರಿ ಪೆಟ್ಟಿಗೆ ಗಿರಾಕಿಯೊಬ್ಬರ ಬಿಳಿ ಕಾಲರಿನ ಮೇಲೆ ನಿಂತಲ್ಲೇ ನಿಂತಿತು.

ಅತ್ತಿಗೆಯ ಬಾಯಲ್ಲಿ ಐದು ಸೂಜಿ. ಬದುಕಿನಲ್ಲಿ ಒಂದೇ ಸಲ ಬರುವ ಮಾತಿಗೆ ಬಾಯಲ್ಲಿ ಸೂಜಿ ಇಟ್ಟುಕೊಂಡು ಉತ್ತರ ಕೊಡುವುದು ಹೇಗೆ? ಹಿಂದಕ್ಕೆ ತಿರುಗಿ, ಬಗ್ಗಿ, ಒಂದೊಂದೇ ಸೂಜಿಯನ್ನು ಬೆನ್ನ ಹಿಂದಿದ್ದ ಸೂಜಿದಿಂಬಿಗೆ ಚುಚ್ಚಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಮತ್ತೆ ಈ ಕಡೆ ತಿರುಗಿದಾಗ ಪರದೆಯ ಮೇಲೆ ಗುಂಡಿಯವರು ಹುಬ್ಬು ಏರಿಸಿದ ಹಾಗೇ ನಿಂತುಬಿಟ್ಟಿದ್ದರು. ಅವರ ಮೂಗಿನ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಟಿಣ್ ಎಂದು ಮೆಸೇಜು ಬಂತು. ‘ನಿಮ್ಮ ಈ ತಿಂಗಳ ಡೇಟಾ ಮುಗಿದಿದೆ.’

ಅತ್ತಿಗೆ ಫೋನನ್ನು ಎತ್ತಿದರು, ಅಲ್ಲಾಡಿಸಿದರು, ಕಿಟಕಿಗೆ ಹಿಡಿದರು. ಏನೂ ಆಗಲಿಲ್ಲ. ನನಗೆ ಸುಟ್ಟ ವಾಸನೆ ಬಂತು, ಕಾಲರು ಕಂದು ಬಣ್ಣಕ್ಕೆ ತಿರುಗಿತ್ತು.

"ಮೆಸೇಜ್ ಕಳಿಸಿ ಅತ್ತಿಗೆ, ಆಗ್ಲಿ ಅಂತ ಬರೆದುಬಿಡಿ," ಎಂದೆ.

"ಇಪ್ಪತ್ತು ವರ್ಷ ಮುಖ ನೋಡಿ ಮಾತಾಡಿದೀವಿ. ಇದೊಂದು ಮಾತಿಗೆ ಚೀಟಿ ಕಳಿಸ್ಲಾ?" ಎಂದರು.

ನಾನೇ ಅವರ ಫೋನು ಕಿತ್ತುಕೊಂಡು ‘ಇಂಟರ್ನೆಟ್ ಮುಗಿದಿದೆ, ಸ್ವಲ್ಪ ಕಾಯಿರಿ’ ಎಂದು ಬರೆದು ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು. ‘ನಾನು ಕೇಳಿದ ಕೂಡಲೇ ನೀವು ಮುಖ ತಿರುಗಿಸಿದ್ದು ನೋಡಿದೆ. ಬೇಜಾರಿಲ್ಲ. ನೆಟ್‌ವರ್ಕಿನ ನೆಪ ಬೇಡ. ಒಂದು ಗಂಟೆಗೆ ಮನೆ ಬೇಡವೆಂದು ಹೇಳಿಬಿಡುತ್ತೇನೆ.’

ತಪ್ಪು ಅವರದಲ್ಲ. ಸಾಲ ಕೇಳಿದವರಿಗೆ, ಕೆಲಸ ಕೇಳಿದವರಿಗೆ, ನೆಂಟರಿಗೆ, ಎಲ್ಲರಿಗೂ ನಾವು ಹೇಳುವುದು ಇದೊಂದೇ ಸುಳ್ಳು: ನೆಟ್‌ವರ್ಕ್ ಇರಲಿಲ್ಲ. ಜೀವಮಾನದಲ್ಲಿ ಒಂದು ಸಲ ಅದು ನಿಜವಾದಾಗ ನಂಬುವವರೇ ಇಲ್ಲ. ಅತ್ತಿಗೆ ಆ ಮೆಸೇಜನ್ನು ಎರಡು ಸಲ ಓದಿ, ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಸೀದಾ ಮುಂದಿನ ಕೋಣೆಗೆ ನುಗ್ಗಿದೆ.

"ರೀ, ನಿಮ್ಮ ಹದಿನೈದು ಜಿಬಿ ಹರಿದುಹೋಯ್ತು."

"ಸಾಧ್ಯವೇ ಇಲ್ಲ," ಎಂದರು ಕತ್ತರಿ ನಿಲ್ಲಿಸದೆ. "ಇವತ್ತು ಹನ್ನೆರಡು. ಆರು ಜಿಬಿ ಕೂಡ ಆಗಿರಬಾರ್ದು. ಯಾರೋ ಕದೀತಿದಾರೆ. ಪಕ್ಕದ ಮನೆಯವರ ಮೇಲೆ ನನಗೆ ಮೊದ್ಲಿಂದ್ಲೂ ಅನುಮಾನ."

ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಮೆಟ್ಟಿಲಿಳಿದು ಬಂದರು. ಅವರ ರೈಲು ಸುರಂಗದ ನಡುವೆ ನಿಂತುಹೋಗಿತ್ತು.

"ಲೋ," ಎಂದರು ಮಗನಿಗೆ, "ಗಿರಾಕಿಗೆ ಈಗ ಸೊಂಟ ಅಳೀತೀನಿ ಅಂತ ಡಂಗುರ ಹೊಡೆದು ಅಳೀತೀಯಾ ನೀನು?"

"ಇಲ್ಲ. ಯಾಕೆ?"

"ಮತ್ತೆ ನಮಗ್ಯಾಕೆ ಹೊಡೆದೆ? ಡೇಟಾ ಯಾರೂ ಕದ್ದಿಲ್ಲ ಕಣೋ. ಆ ವಾರ ಮನೆಯವರೆಲ್ಲ ಹೊಟ್ಟೆ ಎಳ್ಕೊಂಡು ನಿಂತಿದ್ವಿ. ನಾನು ಏಳು ದಿನ ಬಸ್ಸು ಎಣಿಸ್ದೆ, ಅದೂ ನಿನ್ನ ಕಣ್ಣಿಗೆ ಬೀಳ್ಲಿಲ್ಲ."

ಕತ್ತರಿ ನಿಂತಿತು. ನಮ್ಮವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ನಾನು ರೆಡಿಮೇಡಿನ ವಿಷಯವನ್ನು ಒಪ್ಪಿಕೊಂಡೆ. ಅದನ್ನು ಕೇಳಿ ಅವರ ಮುಖ ಹೇಗಾಯಿತೆಂದು ನಾನು ಇಲ್ಲಿ ಬರೆಯುವುದಿಲ್ಲ, ಅವರೂ ಮನುಷ್ಯರು.

"ಅಕ್ಕ ಏನು ನೋಡ್ತಾಳೆ?" ಎಂದರು ಕೊನೆಗೆ ಸಣ್ಣ ದನಿಯಲ್ಲಿ.

ನಾನು ಹೇಳಿದೆ. ಬೀದಿಯ ಕೊನೆಯ ಮನೆ, ಎರಡು ಕೋಣೆ, ಐದು ಸೂಜಿ, ಒಂದು ಗಂಟೆ, ಎಲ್ಲ. ಅವರು ಟೇಪನ್ನು ಕುತ್ತಿಗೆಯಿಂದ ತೆಗೆದು ಕೈಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು.

"ಗುಂಡಿಯವರಾ? ಎಷ್ಟು ವರ್ಷದಿಂದ?"

"ನಿನ್ನ ಬಿಟ್ಟು ಬೀದಿಗೆಲ್ಲ ಗೊತ್ತು," ಎಂದರು ಮಾವ. ಆಮೇಲೆ ದನಿ ಇಳಿಸಿ, "ನಾನೇ ಕೇಳ್ಬೇಕಿತ್ತು. ಅವಳು ಹೋದ್ರೆ ಕಾಜಾ ಯಾರು ಹಾಕ್ತಾರೆ ಅಂತ ಸುಮ್ನಿದ್ದೆ. ನನ್ನದೂ ತಪ್ಪಿದೆ," ಎಂದರು.

ನಮ್ಮವರು ಗೋಡೆಯ ಬೋರ್ಡನ್ನು ಒಮ್ಮೆ ನೋಡಿದರು. ಗಡಿಯಾರ ನೋಡಿದರು. ಹನ್ನೆರಡು ಇಪ್ಪತ್ತು. ಹಿಂದಿನ ಕೋಣೆಗೆ ಹೋಗಿ ಅಕ್ಕನ ಮುಂದೆ ನಿಂತು, "ಅಕ್ಕ, ಅಳತೆ ತಪ್ಪಿದೆ. ಏಳು, ಹೋಗೋಣ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು.

ಅಂಗಡಿಗೆ ಬೀಗ ಹಾಕಿ ನಾಲ್ಕು ಜನವೂ ಹೊರಟೆವು. ಯಜಮಾನರ ಕುತ್ತಿಗೆಯಲ್ಲಿ ಟೇಪು, ಅತ್ತಿಗೆಯ ಸೆರಗಿನಲ್ಲಿ ದಾರದ ತುಂಡು, ಮಾವನ ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಫೋನಂಗಡಿಯಲ್ಲಿ ಟೋಕನ್ ತೆಗೆದುಕೊಳ್ಳಬೇಕಿತ್ತು. ನಮ್ಮ ಮುಂದೆ ಆರು ಜನ. ಮಾವ ಎದೆ ಹಿಡಿದುಕೊಂಡು "ಅಯ್ಯಪ್ಪಾ" ಎಂದು ಕುರ್ಚಿಗೆ ಒರಗಿದರು. ಆರು ಜನವೂ ದಾರಿ ಬಿಟ್ಟರು. ಬಿಟ್ಟ ಕೂಡಲೇ ಎದ್ದು ನಮಗಿಂತ ಮೊದಲು ಕೌಂಟರಿಗೆ ತಲುಪಿದವರೂ ಅವರೇ.

ಅದೇ ಹುಡುಗಿ. ನಮ್ಮನ್ನು ನೋಡಿ ಎಲ್ಲ ಅರ್ಥವಾದವಳ ಹಾಗೆ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು.

"ಹನ್ನೆರಡು ದಿನಕ್ಕೆ ಹದಿನೈದು ಜಿಬಿ ಮುಗಿದಿದೆ ಸರ್. ಅದ್ರಲ್ಲಿ ಎಂಟು ಒಂದೇ ನಂಬರಿಂದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನೆಲ ನೋಡಿದೆ. ಮಾವ ಚಾವಣಿ ನೋಡಿದರು. ಹುಡುಗಿ ನಂಬರು ಓದಿದಳು. ಅದು ನಮ್ಮ ಯಜಮಾನರದು.

"ನೀವೇನ್ರೀ ನೋಡಿದ್ದು?" ಎಂದೆ.

ಅವರು 'ನಾನೇನು ಅಂಥದ್ದು' ಎಂದು ಏನೋ ಗೊಣಗಿದರು. ಬಿಡಿಸಿ ಕೇಳಿದ ಮೇಲೆ ಹೇಳಿದರು. "ಡೇಟಾ ಉಳಿಸೋದು ಹೇಗೆ ಅಂತ ಒಬ್ಬ ಚೆನ್ನಾಗಿ ಹೇಳ್ತಾನೆ. ಅವನದು ನೂರಾರು ವಿಡಿಯೊ ಇದೆ."

"ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು," ಎಂದರು ಮಾವ, ಬಹಳ ತೃಪ್ತಿಯಿಂದ.

"ಲಾರ್ಜು ಹಾಕಮ್ಮಾ," ಎಂದು ನಮ್ಮವರು ಪೆನ್ನು ಎಳೆದುಕೊಂಡು ಸಹಿ ಹಾಕಿದರು.

"ಹಾಕಿದೀನಿ ಸರ್. ಎರಡು ಗಂಟೆಯೊಳಗೆ ಚಾಲೂ ಆಗತ್ತೆ."

ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಲವತ್ತೆಂಟು. ಅತ್ತಿಗೆ ಬಾಯಲ್ಲಿ ಸೂಜಿ ಇದ್ದವರಂತೆ ತುಟಿ ಬಿಗಿದು ನಿಂತಿದ್ದರು. ಹುಡುಗಿ ಅವರ ಮುಖ ನೋಡಿ, "ನಿಮ್ಮ ಫೋನ್ ಕೊಡಿ ಆಂಟಿ, ನಮ್ಮ ಅಂಗಡಿಯ ವೈಫೈ ಹಾಕ್ಕೊಡ್ತೀನಿ," ಎಂದಳು. ಅವಳ ಹೊಟ್ಟೆ ತಣ್ಣಗಿರಲಿ.

ಅತ್ತಿಗೆ ಕಾಲು ಮಾಡಿದರು. ಗುಂಡಿಯವರು ಕತ್ತರಿಸಿದರು. ಮತ್ತೆ ಮಾಡಿದರು. ಮತ್ತೆ ಕತ್ತರಿಸಿದರು. ಮೂರನೆಯ ಸಲ ಬಹಳ ಹೊತ್ತು ರಿಂಗಾಯಿತು, ಆಮೇಲೆ ಪರದೆಯ ಮೇಲೆ ಅವರ ಮುಖ ಬಂತು. ಬಾಚಿದ ತಲೆ ಕೆದರಿತ್ತು. ನೋಡುವುದಕ್ಕೆ ಸಂಕಟವಾಗುತ್ತಿತ್ತು.

ಅತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಆ ಬಿಳಿ ದೀಪಗಳ ಕೆಳಗೆ, ಟೋಕನ್ ಹಿಡಿದ ಆರು ಜನರ ಮುಂದೆ, ಗಾಳಿಯಲ್ಲಿ ಒಂದು ಸೂಜಿ ಹಿಡಿದರು. ದಾರ ಪೋಣಿಸಿದರು. ಎದೆಯ ಎಡಕ್ಕೆ, ಇಲ್ಲದ ಗುಂಡಿಯೊಂದನ್ನು ಇಟ್ಟು ಹೊಲಿಯತೊಡಗಿದರು. ಅವಸರವಿಲ್ಲದೆ ಹೊಲಿದರು. ಬುಡಕ್ಕೆ ಮೂರು ಸುತ್ತು ದಾರ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದರು. ಆಮೇಲೆ ಗುಂಡಿ ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಎಳೆದು ನೋಡಿದರು.

ಅಂಗಡಿಯಲ್ಲಿ ಯಾರಿಗೂ ಅದರ ಅರ್ಥ ಹೇಳಬೇಕಾಗಲಿಲ್ಲ. ಕೌಂಟರಿನ ಹುಡುಗಿ ಮೂಗು ಸೀಟಿದಳು. ಪರದೆಯ ಮೇಲೆ ಗುಂಡಿಯವರು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡರು. ಕೈ ತೆಗೆದ ಮೇಲೆ, ವ್ಯಾಪಾರ ಬಿಡದ ಮನುಷ್ಯ, ಒಂದು ಪ್ರಶ್ನೆ ಕೇಳಿದರು. ಎರಡು ತೂತಿನದೋ, ನಾಲ್ಕು ತೂತಿನದೋ? ಅತ್ತಿಗೆ ನಾಲ್ಕು ಬೆರಳು ತೋರಿಸಿದರು. ನಾಲ್ಕು ತೂತಿನ ಗುಂಡಿ ಬೇಗ ಕಿತ್ತುಬರುವುದಿಲ್ಲ.

ಅವರು ಒಂದು ಗಂಟೆಯೊಳಗೆ ಮಾಲೀಕರಿಗೆ ಮೆಸೇಜು ಕಳಿಸಬೇಕಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ನನ್ನ ಕೈಯಿಂದ ಫೋನು ಕಸಿದುಕೊಂಡರು. ಅವರ ಕಣ್ಣು ಕೆಂಪಗಾಗಿತ್ತು. ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ.

"ಮದುವೆ ಕೋಟು ನಾನೇ ಹೊಲಿಯೋದು. ರೆಡಿಮೇಡ್ ಹಾಕ್ಕೊಂಡು ಬಂದ್ರೆ ಬಾಗ್ಲಲ್ಲೇ ನಿಲ್ಲಿಸ್ತೀನಿ. ಅಕ್ಕ, ನೆಟ್ಟಗೆ ನಿಂತ್ಕೊಳೋಕೆ ಹೇಳು. ಈಗ್ಲೇ ಕಣ್ಣಳತೆ ನೋಡ್ಕೋತೀನಿ."

ಅತ್ತಿಗೆಯ ಕೈ ಅದನ್ನು ಹೇಳಿತು. ಗುಂಡಿಯವರು ಫೋನನ್ನು ಎಲ್ಲೋ ಒರಗಿಸಿಟ್ಟು, ಹಿಂದೆ ಸರಿದು, ಸಿಪಾಯಿಯ ಹಾಗೆ ನಿಂತರು. ಕೈಯಲ್ಲೇ ಮಾತಾಡುವವರಿಗೆ ಮಗಳ ಓದು ಕೇಳಿ ಉಸಿರು ಬಿಡಿಸುವಂತಿಲ್ಲವಲ್ಲ. ನಮ್ಮವರು ಒಂದು ಗಳಿಗೆ ಯೋಚಿಸಿದರು.

"ಹೊಟ್ಟೆ ಬಿಡೋಕೆ ಹೇಳಕ್ಕಾ," ಎಂದರು. "ಇನ್ನು ನಮ್ಮ ಮುಂದೆ ಎಳ್ಕೊಳೋದು ಬೇಡ ಅಂತ ಹೇಳು."

ಅತ್ತಿಗೆ ನಕ್ಕು, ಅದನ್ನೂ ಕೈಯಲ್ಲಿ ಹೇಳಿದರು. ಗುಂಡಿಯವರು ನಾಚಿಕೊಂಡು ಒಮ್ಮೆ ಕೆಳಗೆ ನೋಡಿದರು, ಆಮೇಲೆ ಮೆಲ್ಲಗೆ ಉಸಿರು ಬಿಟ್ಟರು. ಅಷ್ಟು ವರ್ಷ ತಿಂಗಳಿಗೊಮ್ಮೆ ನಮ್ಮ ಅಂಗಡಿಗೆ ಬಂದ ಮನುಷ್ಯನಿಗೆ ಅಷ್ಟು ದೊಡ್ಡ ಹೊಟ್ಟೆಯಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.